ಸೀಬಾವತಿಯ ಗಿಳಿಜಾತಿ ಪ್ರಕರಣ

ಬಹಳ ಹಿಂದೆ, ಅಂದರೆ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾರದಷ್ಟು ಹಿಂದೆ, ಸೀಬಾವತಿ ಎಂಬ ರಾಜ್ಯವೊಂದಿತ್ತು. ಅಲ್ಲಿ ಸೀಬೆಮರಗಳು ಹೇರಳವಾಗಿದ್ದವು, ಕೆರೆಗಳು ತುಂಬಿದ್ದವು, ಕೆರೆಗಳಿಗಿಂತ ಹೆಚ್ಚಾಗಿ ಸಮಿತಿಗಳು ತುಂಬಿದ್ದವು. ಪ್ರಜೆಗಳಲ್ಲಿ ಜಾತಿ ಎಂಬುದು ಇರಲಿಲ್ಲ. ಈ ಒಂದು ಮಾತಿನಿಂದಲೇ ಇದು ಅಪ್ಪಟ ಕಾಲ್ಪನಿಕ ರಾಜ್ಯವೆಂದು ಓದುಗ ಮಹಾಶಯರಿಗೆ ಖಾತ್ರಿಯಾಗಿರಬೇಕು. ಮುಂದಿನದನ್ನೆಲ್ಲ ನಿಶ್ಚಿಂತೆಯಿಂದ ಓದಬಹುದು.

ಹಾಗೆಂದು ಆ ಪದವೇ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಕುದುರೆ ಚೆನ್ನಾಗಿದ್ದರೆ ಜಾತಿಕುದುರೆ ಎನ್ನುತ್ತಿದ್ದರು. ಕಚ್ಚುವ ಮುಂಚೆ ಸ್ವಲ್ಪ ಯೋಚಿಸುವ ನಾಯಿಯಾದರೆ ಜಾತಿನಾಯಿ. ಸಂತೆಯಲ್ಲಿ ಮಾವು ಮಾರುವವಳು ‘ಜಾತಿಹಣ್ಣು ಕಣಪ್ಪ, ತಗೋ’ ಎಂದು ಹೇಳಿ ನಾರುಹಣ್ಣನ್ನೇ ಕೊಟ್ಟು ಕಳಿಸುತ್ತಿದ್ದಳು. ಪದದ ಉಪಯೋಗ ಅಷ್ಟಕ್ಕೇ ಮುಗಿಯುತ್ತಿತ್ತು. ಅದನ್ನು ಮನುಷ್ಯರ ಮೇಲೂ ಪ್ರಯೋಗಿಸಬಹುದೆಂಬುದು ಪಾಪ, ಯಾರಿಗೂ ಹೊಳೆದಿರಲಿಲ್ಲ.

ಈ ರಾಜ್ಯವನ್ನು ಶ್ರೀಮನ್ಮಹಾರಾಜ ತಥಾಸ್ತುವರ್ಮನು ಆಳುತ್ತಿದ್ದನು. ಯಾರು ಏನು ಕೇಳಿದರೂ ತಥಾಸ್ತು ಎನ್ನುವುದು ಅವನ ಆಡಳಿತ ಪದ್ಧತಿ. ಬೆಳಿಗ್ಗೆ ಒಬ್ಬ ಬಂದು ಕೆರೆಯ ಹೂಳು ತೆಗೆಸಬೇಕೆಂದರೆ ತಥಾಸ್ತು. ಮಧ್ಯಾಹ್ನ ಇನ್ನೊಬ್ಬ ಬಂದು ಅದೇ ಕೆರೆಯನ್ನು ಸೈಟು ಮಾಡಿ ಹಂಚಬೇಕೆಂದರೆ ಅದಕ್ಕೂ ತಥಾಸ್ತು. ಎರಡಕ್ಕೂ ಒಂದೇ ದಿನ, ಒಂದೇ ಶಾಮಿಯಾನದಡಿ, ಶಂಕುಸ್ಥಾಪನೆ ನಡೆದುಹೋಗುತ್ತಿತ್ತು. ಮಹಾರಾಜನ ಬಾಯಿ ಹೀಗೆ ಸದಾ ಕೆಲಸದಲ್ಲಿರುತ್ತಿದ್ದುದರಿಂದ ಅವನ ಕಿವಿಯನ್ನು ನೋಡಿಕೊಳ್ಳಲು ಮಹಾಮಂತ್ರಿ ಸಮಯಗುಪ್ತನಿದ್ದನು. ಸಮಯಗುಪ್ತನಿಗೆ ಸ್ವಂತ ಅಭಿಪ್ರಾಯವೆಂಬುದು ಇರಲಿಲ್ಲ. ಬೇಕಾದಾಗ ಒಳ್ಳೆಯ ಬೆಲೆಗೆ ತರಿಸಿಕೊಳ್ಳುತ್ತಿದ್ದನು.

ನಮ್ಮ ಕಥೆಯ ಮನುಷ್ಯ ಇವರಿಬ್ಬರೂ ಅಲ್ಲ. ಅವನು ಆಸ್ಥಾನದ ದುಭಾಷಿ ಚೆಲುವಯ್ಯ. ಪರದೇಶದ ಓಲೆಗಳನ್ನು ಓದಿ, ಅರ್ಥಮಾಡಿಕೊಂಡು, ಮಹಾರಾಜನಿಗೆ ಅರ್ಥವಾಗುವ ಹಾಗೆ ಹೇಳುವುದು ಅವನ ಉದ್ಯೋಗ. ಮೊದಲೆರಡು ಕೆಲಸ ಸುಲಭವಾಗಿತ್ತು. ಮನುಷ್ಯ ಒಳ್ಳೆಯವನೇ. ಯಾರ ತಂಟೆಗೂ ಹೋದವನಲ್ಲ. ಆದರೆ ಯಾರಾದರೂ ಹೊಗಳಿದರೋ, ಬಿಸಿ ಹೋಳಿಗೆಯ ಮೇಲೆ ಹಾಕಿದ ತುಪ್ಪದ ಹಾಗೆ ಕರಗಿ ನಾಲ್ಕೂ ಕಡೆ ಹರಿದುಬಿಡುತ್ತಿದ್ದ.

ಚೆಲುವಯ್ಯನಿಗೆ ಒಬ್ಬಳೇ ಮಗಳು, ಕೇದಗೆ. ಅವಳ ಮದುವೆ ಮಂಡಕ್ಕಿ ಭಟ್ಟಿಯ ಸಾತವ್ವನ ಮಗ ಬೊಮ್ಮಣ್ಣನ ಜೊತೆ ನಿಶ್ಚಯವಾಗಿತ್ತು. ಹುಡುಗ ಹುಡುಗಿ ತಾವೇ ಒಪ್ಪಿ, ಆಮೇಲೆ ಹಿರಿಯರ ಕೈಲಿ ಒಪ್ಪಿಸಿದ ಸಂಬಂಧ. ಸಾತವ್ವ ಗಂಡ ಸತ್ತ ಮೇಲೆ ಒಬ್ಬಳೇ ಭಟ್ಟಿ ನಡೆಸಿ ಮಗನನ್ನು ಸಾಕಿದವಳು, ಮಾತು ಒರಟು, ಮನಸ್ಸು ಮಂಡಕ್ಕಿಯಷ್ಟೇ ಹಗುರ. ನಿಶ್ಚಿತಾರ್ಥದ ದಿನ ಅವಳು ಚೆಲುವಯ್ಯನ ಹೆಂಡತಿ ಹೊನ್ನಮ್ಮನ ಕೈಹಿಡಿದುಕೊಂಡು, ನಿನ್ನ ಮಗಳು ನನ್ನ ಮನೆಯಲ್ಲಿ ಹೊಗೆ ಕುಡೀಬಹುದೇ ಹೊರತು ಕಣ್ಣೀರು ಕುಡಿಯೋಲ್ಲ ಅಂದಿದ್ದಳು. ಹೊನ್ನಮ್ಮ ಆ ಮಾತನ್ನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮಾಘಮಾಸಕ್ಕೆ ಲಗ್ನ. ಚಪ್ಪರದ ಗಳುವನ್ನೂ ಆಗಲೇ ತಂದು ಹಿತ್ತಿಲಲ್ಲಿ ಒರಗಿಸಿದ್ದರು.

ಹೀಗಿರಲು ಸಮುದ್ರದಾಚೆಯ ಲವಂಗದ್ವೀಪದ ಅರಸನಿಂದ ಒಂದು ಕಾಣಿಕೆ ಬಂತು. ಒಂದು ದೊಡ್ಡ ಪಂಜರ, ಅದರ ತುಂಬ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಪುಟ್ಟ ಪುಟ್ಟ ಗಿಳಿಗಳು. ಸೀಬಾವತಿಯವರು ಕಂಡಿದ್ದದ್ದು ತಮ್ಮ ತೋಟ ಸೂರೆಮಾಡುವ ಉದ್ದಬಾಲದ ಹಸಿರು ಗಿಳಿಗಳನ್ನು ಮಾತ್ರ. ಇವು ಬೇರೆಯೇ. ಕೆಲವಕ್ಕೆ ಹೋಳಿ ಆಡಿ ಬಂದ ಹಾಗೆ ಮೈತುಂಬ ಬಣ್ಣ, ನಾಲಿಗೆಯ ತುದಿಯಲ್ಲಿ ಕುಂಚದಂಥ ಕೂದಲು. ಇವು ಹೂವಿನ ಜೇನು ನೆಕ್ಕುವ ಗಿಳಿಗಳು. ಕೆಲವಕ್ಕೆ ಕಣ್ಣಿನ ಸುತ್ತ ಬಿಳಿಯ ಬಳೆ. ಜೋಡಿಯಾಗಿ ಕೂತು ಕಾಳು ಒಡೆಯುವುದೇ ಇವುಗಳ ಕಸುಬು. ಇನ್ನು ಕೆಲವು ಎಲೆಯಷ್ಟೇ ಹಸಿರು, ಎಲೆಯಷ್ಟೇ ಗಾತ್ರ. ಕತ್ತಲಾದರೆ ಬಾವಲಿಯ ಹಾಗೆ ಕಾಲು ಮೇಲೆ, ತಲೆ ಕೆಳಗೆ ಮಾಡಿಕೊಂಡು ತೂಗಾಡುತ್ತ ನಿದ್ದೆ ಹೋಗುತ್ತಿದ್ದವು.

ಜೊತೆಗಿದ್ದ ಓಲೆಯಲ್ಲಿ ದ್ವೀಪದ ಅರಸ ಸರಳವಾಗಿಯೇ ಬರೆದಿದ್ದ. ಈ ಗಿಳಿಗಳು ಮೂರು ಬೇರೆ ಬೇರೆ ತೆರನಾದವು, ಪ್ರಯಾಣಕ್ಕೆಂದು ಮಾತ್ರ ಒಟ್ಟಿಗೆ ಹಾಕಿದ್ದೇವೆ, ಒಂದೊಂದರ ಆಹಾರ ಒಂದೊಂದಾದ್ದರಿಂದ ಅಲ್ಲಿ ಬೇರೆ ಬೇರೆ ಪಂಜರದಲ್ಲಿಡಿ, ಎಲೆಹಸಿರಿನ ಪುಟ್ಟ ತೂಗುಗಿಳಿಗೂ ಜೇನು ಮತ್ತು ಹಣ್ಣೇ ಬೇಕು, ಒಣಕಾಳು ಹಾಕಬೇಡಿ. ಇಷ್ಟೇ.

ಚೆಲುವಯ್ಯ ಅನುವಾದಕ್ಕೆ ಕೂತ. ಮೊದಲು ‘ಮೂರು ಬಗೆಯ ಗಿಳಿಗಳು’ ಎಂದೇ ಬರೆದ. ಬರೆದವನು ಅದನ್ನೊಮ್ಮೆ ನೋಡಿದ. ಬಗೆಯಂತೆ ಬಗೆ. ಮದುವೆಮನೆಯಲ್ಲಿ ಎಷ್ಟು ಬಗೆ ಪಲ್ಯ ಎಂದು ವಿಚಾರಿಸುವ ಪದ. ಅದನ್ನು ಒಡ್ಡೋಲಗದಲ್ಲಿ ಓದಿದರೆ ಒಗ್ಗರಣೆ ವಾಸನೆ ಬಂದೀತು ಎನ್ನಿಸಿ ಹೊಡೆದುಹಾಕಿದ. ‘ಪ್ರಭೇದ’ ಎನ್ನೋಣವೆಂದರೆ ಹಿಂದೊಮ್ಮೆ ಅನಾಹುತವಾಗಿತ್ತು. ನೆರೆರಾಜ್ಯದ ರಾಯಭಾರಿಗಳಲ್ಲಿ ಅಭಿಪ್ರಾಯಭೇದವಿದೆ ಎಂದು ಅವನು ಓದಿದ್ದು ಮಹಾರಾಜನ ಕಿವಿಗೆ ಭೇದಿ ಎಂದು ಬಿದ್ದು, ರಾಯಭಾರಿಗಳಿಗೆಲ್ಲ ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿ ಬರೀ ಗಂಜಿ ಕೊಟ್ಟು ಮಲಗಿಸಿ, ಒಂದು ಒಪ್ಪಂದವೇ ಮುರಿದುಬಿದ್ದಿತ್ತು. ಆ ಗೊಡವೆ ಬೇಡ. ಕೊನೆಗೆ ಅವನಿಗೆ ಜಾತಿಕುದುರೆ ನೆನಪಾಯಿತು. ಜಾತಿ. ಎರಡಕ್ಷರ, ಬಾಯಿತುಂಬ ಬರುತ್ತದೆ, ಒತ್ತಕ್ಷರದ ಕಾಟವಿಲ್ಲ, ಕೇಳಿದವರಿಗೂ ಗೌರವ. ಬೇರೆ ಬೇರೆ ಜಾತಿಯವನ್ನು ಒಂದೇ ಪಂಜರದಲ್ಲಿ ಇಡಬಾರದು ಎಂದು ದುಂಡಗೆ ಬರೆದು, ಚೆಲುವಯ್ಯ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಮರುದಿನ ಆಸ್ಥಾನದಲ್ಲಿ ಓಲೆ ಓದಿದ್ದಾಯಿತು. ಮಹಾರಾಜನಿಗೆ ಆ ಒಂದು ಸಾಲು ಬಹಳ ಹಿಡಿಸಿತು, ಮೇವಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಇನ್ನೊಮ್ಮೆ ಓದಿಸಿದನು. ಮತ್ತೊಮ್ಮೆ ಓದಿಸಿದನು. ಎಂಥ ಗಂಭೀರವಾದ ಮಾತು, ಬರೀ ಹಕ್ಕಿಗಳಲ್ಲೇ ಎಷ್ಟೊಂದು ಶಿಸ್ತು ಎಂದು ತಲೆದೂಗಿದನು. ಮಹಾರಾಜನು ತಲೆದೂಗಿದ್ದರಿಂದ ಸಭೆಯೂ ತಲೆದೂಗಿತು. ಆಮೇಲೆ ಅವನು ಚೆಲುವಯ್ಯನ ಕಡೆ ತಿರುಗಿ, ಜೀವಮಾನದಲ್ಲಿ ಮೊದಲನೆಯ ಸಲ ಎಂಬಂತೆ, ಒಂದು ಪ್ರಶ್ನೆಯನ್ನು ಕೇಳಿದನು.

‘ದುಭಾಷಿಗಳೇ, ಇವುಗಳಲ್ಲಿ ಯಾವ ಜಾತಿ ದೊಡ್ಡದು?’

ಚೆಲುವಯ್ಯ ಎದ್ದುನಿಂತು ಪಂಜರದ ಹತ್ತಿರ ಹೋಗಿ, ಬೆರಳಿನಲ್ಲಿ ಅಳತೆ ಹಿಡಿದು ನೋಡಿದ. ಬಂದು ಕೈಮುಗಿದ.

‘ಜೇನ್ನೆಕ್ಕುಗ ದೊಡ್ಡದು, ಮಹಾಪ್ರಭು. ಬಳೆಗಣ್ಣನದು ಮಧ್ಯಮ. ತೂಗುಗಿಳಿ ಎಲ್ಲಕ್ಕಿಂತ ಚಿಕ್ಕದು.’

ಅವನು ಹೇಳಿದ್ದು ಬೆರಳಿನ ಲೆಕ್ಕ. ಸಭೆ ಕೇಳಿಸಿಕೊಂಡದ್ದು ಬೇರೆ ಲೆಕ್ಕ. ಸಮಯಗುಪ್ತನು ಆ ಕ್ಷಣವೇ ಎದ್ದು, ದುಭಾಷಿಗಳು ಇಂದು ಸೃಷ್ಟಿಯ ಗುಟ್ಟನ್ನೇ ನಮ್ಮ ಭಾಷೆಗೆ ತಂದಿದ್ದಾರೆ ಎಂದು ಘೋಷಿಸಿದನು. ಚೆಲುವಯ್ಯನಿಗೆ ಶಾಲು ಹೊದಿಸಿದರು, ಏಲಕ್ಕಿ ಹಾರ ಹಾಕಿದರು, ಫೋಟೋ ತೆಗೆಸಿದರು. ಅದು ಗಾತ್ರದ ಮಾತು ಸ್ವಾಮೀ ಎಂದು ಹೇಳಲು ಅವನು ಬಾಯಿ ತೆರೆದದ್ದೂ ಉಂಟು. ಅಷ್ಟರಲ್ಲಿ ಬಾಯಿಗೆ ಪೇಡಾ ಇಟ್ಟುಬಿಟ್ಟರು. ತುಪ್ಪದ ಗುಣ ಹೇಳಿದೆವಲ್ಲ, ಅವನು ನಗುತ್ತ ಮನೆಗೆ ಬಂದು, ಪಲ್ಯದ ಪದ ಹೊಡೆದು ಜಾತಿ ಎಂದು ಬರೆದ ಕಥೆಯನ್ನು ಹೆಂಡತಿಗೂ ಮಗಳಿಗೂ ಹೇಳಿಕೊಂಡ.

ಇನ್ನು ಸರ್ಕಾರಿ ಯಂತ್ರ ಉರುಳಿತು. ಮೂರು ಪಂಜರ ಮಾಡಿಸಲು ಟೆಂಡರ್ ಕರೆದರು. ಟೆಂಡರ್ ಎಂಬುದು ಕರೆದ ಕೂಡಲೇ ಬರುವ ಜಾತಿಯದಲ್ಲವಾದ್ದರಿಂದ ಅಲ್ಲಿಯತನಕ ಗಿಳಿಗಳು ಒಂದೇ ಪಂಜರದಲ್ಲಿ ಇರಲಿ, ಕೋಲುಗಳನ್ನು ಮಾತ್ರ ಮೇಲೆ ಕೆಳಗೆ ಕಟ್ಟಿ ಎಂದಾಯಿತು. ಮೇಲಿನ ಕೋಲು ಜೇನ್ನೆಕ್ಕುಗನಿಗೆ. ನಡುವಿನದು ಬಳೆಗಣ್ಣನಿಗೆ. ತಳದ್ದು ತೂಗುಗಿಳಿಗೆ. ಜೇನಿನ ಬಟ್ಟಲು ಮೇಲೆ ಮಾತ್ರ. ಒಂದು ತೂಗುಗಿಳಿ ಮೇಲೇರಿ ಬಂದು ಜೇನಿಗೆ ನಾಲಿಗೆ ಚಾಚಿತು. ಅದನ್ನು ಕಳ್ಳತನ ಎಂದು ದಾಖಲು ಮಾಡಿದರು. ಕೆಳಗೆ ಅದಕ್ಕೆಂದು ಒಣಜೋಳ ಹಾಕಿದರು. ತಿನ್ನಲಿಲ್ಲ. ಅಹಂಕಾರ ಎಂದು ಬರೆದುಕೊಂಡರು.

ಜೇನು ಬರುವ ಕಡೆ ಸಮಯಗುಪ್ತನ ಮೂಗು ತಾನೇ ತಿರುಗುತ್ತಿತ್ತು. ಒಂದು ಪ್ರೆಸ್ ಮೀಟ್ ಕರೆದು, ತಮ್ಮದು ಮೂಲತಃ ಜೇನ್ನೆಕ್ಕುಗ ವಂಶವೆಂದೂ, ನೆಕ್ಕುವ ಅಭ್ಯಾಸ ತಮ್ಮ ಮನೆತನದಲ್ಲಿ ತಲತಲಾಂತರದಿಂದ ಬಂದದ್ದೆಂದೂ ವಿನಯದಿಂದ ತಿಳಿಸಿದನು. ಇದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ, ನಾಡೇ ಕಣ್ಣಾರೆ ಕಂಡಿತ್ತು. ಸಂಜೆಯೊಳಗೆ ಆಸ್ಥಾನದ ಮುಕ್ಕಾಲು ಪಾಲು ಜನರಿಗೆ ತಮ್ಮ ನಾಲಿಗೆಯ ತುದಿಯಲ್ಲಿ ಕುಂಚ ಇರುವುದು ಅರಿವಿಗೆ ಬಂತು.

ಮಾರನೆಯ ವಾರ ಮಹಾಮಂತ್ರಿ ಮಹಾರಾಜನ ಮುಂದೆ ಒಂದು ಪ್ರೆಸೆಂಟೇಶನ್ ಕೊಟ್ಟನು. ಕಾಳು ಕುಟುಕುವ ಹಕ್ಕಿಗೇ ಜಾತಿಯಿರುವಾಗ, ಅದಕ್ಕಿಂತ ಎಷ್ಟೋ ಮೇಲಾದ ನಮ್ಮ ಪ್ರಜೆಗಳಿಗೆ ಇಲ್ಲದಿರುವುದು ಘೋರ ಅನ್ಯಾಯ. ಇಷ್ಟು ಶತಮಾನಗಳಿಂದ ಜನ ಜಾತಿವಂಚಿತರಾಗಿ ಬದುಕಿದ್ದಾರೆ, ಕೇಳುವವರಿಲ್ಲ. ಹೀಗೆ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಮಹಾರಾಜನಿಗೂ ಬಂತು. ತಥಾಸ್ತು ಎಂದನು. ‘ಮನೆಬಾಗಿಲಿಗೆ ಜಾತಿ’ ಎಂಬ ಮಹತ್ವಾಕಾಂಕ್ಷೆಯ ಯೋಜನೆ ಉದ್ಘಾಟನೆಯಾಯಿತು. ಅದರ ಜಾರಿಗೆ ಶುಕಜಾತಿ ನಿರ್ಣಯ ಪ್ರಾಧಿಕಾರ, ಪ್ರಾಧಿಕಾರಕ್ಕೊಬ್ಬ ಅಧ್ಯಕ್ಷ, ಅಧ್ಯಕ್ಷರಿಗೆ ಸಂಪುಟ ದರ್ಜೆ, ಕಾರಿಗೆ ಕೆಂಪು ದೀಪ.

ಜನ ಬೇಡವೆಂದರೇ? ಅಯ್ಯೋ, ಸಾಲು ನಿಂತರು. ಪುಕ್ಕಟೆ ಬರುವುದನ್ನು ಬಿಡುವುದುಂಟೇ. ಅಧಿಕಾರಿ ಮನೆಗೆ ಬರುವ ದಿನ ಹೆಂಗಸರು ಬಾಗಿಲಲ್ಲಿ ಜೇನಿನ ಬಾಟಲಿ ಇಟ್ಟು, ಮಕ್ಕಳಿಗೆ ನಾಲಿಗೆ ಚಾಚಿಕೊಂಡು ಕೂರಲು ಹೇಳಿಕೊಟ್ಟರು. ಕಪ್ಪು ಫ್ರೇಮಿನ ಕನ್ನಡಕದವರೆಲ್ಲ ಬಿಳಿ ಫ್ರೇಮು ಹಾಕಿಸಿಕೊಂಡು ಬಳೆಗಣ್ಣರಾದರು. ಕೈಬೆಚ್ಚಗೆ ಮಾಡಿದವರು ಮೇಲಿನ ಕೋಲಿಗೆ ಹೋದರು, ಕೈಕಟ್ಟಿ ನಿಂತವರು ನಡುವಿನದಕ್ಕೆ, ಕೆಲಸದಲ್ಲಿದ್ದವರು ತಳಕ್ಕೆ. ಹಿಂದೆಯೇ ನಿಯಮಾವಳಿ ಬಂತು. ಊರಬಾವಿಯಲ್ಲಿ ಮೊದಲು ಜೇನ್ನೆಕ್ಕುಗರು ನೀರು ಸೇದಬೇಕು, ಆಮೇಲೆ ಬಳೆಗಣ್ಣರು, ಅವರು ಸೇದಿ ಉಳಿದರೆ ತೂಗುಗಿಳಿಯವರು. ಮೇಲಿನವರು ಎದುರಾದರೆ ಕೆಳಗಿನವರು ತಲೆ ತಗ್ಗಿಸಬೇಕು. ಹೇಗಿದ್ದರೂ ಅವರ ಪಕ್ಷಿಯ ತಲೆ ಕೆಳಗೇ ಇರುವುದರಿಂದ ಇದು ಅವರ ಸಂಸ್ಕೃತಿಯ ರಕ್ಷಣೆ. ಕಡೆಯ ಕಲಮು: ಬೇರೆ ಬೇರೆ ಜಾತಿಯವರು ಒಂದೇ ಪಂಜರದಲ್ಲಿ ಇರಕೂಡದು. ಪಂಜರ ಎಂದರೆ ಮನೆ, ಹಾಸಿಗೆ ಮತ್ತು ಮದುವೆ ಎಂದು ಅಡಿಟಿಪ್ಪಣಿ.

ಚೆಲುವಯ್ಯನಿಗೆ ಯಾರೂ ಕೇಳದೆಯೇ ಮೇಲಿನ ಕೋಲು ಸಿಕ್ಕಿತ್ತು. ನಾಲಿಗೆಯಿಂದಲೇ ಅನ್ನ ತಿನ್ನುವವನು, ಅವನಲ್ಲದೆ ಇನ್ಯಾರು ಜೇನ್ನೆಕ್ಕುಗ? ಅಧ್ಯಕ್ಷರೇ ಬಂದು ಬಾಗಿಲಿಗೆ ಬಣ್ಣದ ಗಿಳಿಯ ಚಿತ್ರ ಅಂಟಿಸಿ ಹೋದರು. ಅವರು ಹೋದ ಅರ್ಧ ಗಂಟೆಗೆ ಕೇದಗೆ ಮಂಡಕ್ಕಿ ಭಟ್ಟಿಯ ಕಡೆಯಿಂದ ಓಡಿಬಂದಳು.

ಆದದ್ದು ಇಷ್ಟು. ಪ್ರಾಧಿಕಾರದವರು ಭಟ್ಟಿಗೆ ಹೋದಾಗ ಬೊಮ್ಮಣ್ಣ ಒಲೆಯ ಗುಂಡಿಯೊಳಗೆ ಬಗ್ಗಿ ಬೂದಿ ಕೆರೆಯುತ್ತಿದ್ದ. ಗುಂಡಿ ಆಳ. ಹೊರಗಿನಿಂದ ಕಂಡದ್ದು ಅವನ ಎರಡು ಪಾದ ಮಾತ್ರ. ಅಧಿಕಾರಿ ಬಾಗಿಲಲ್ಲೇ ನಿಂತು, ಕಾಲು ಮೇಲೆ, ತಲೆ ಕೆಳಗೆ, ಸಂಶಯಕ್ಕೆ ಎಡೆಯಿಲ್ಲ ಎಂದು ಹೇಳಿ ತೂಗುಗಿಳಿಯ ಚಿತ್ರ ಅಂಟಿಸಿದ. ಅದನ್ನೂ ತಲೆಕೆಳಗಾಗಿ ಅಂಟಿಸಿದ, ನಿಯಮ ಹಾಗೇ ಇತ್ತು. ಬೊಮ್ಮಣ್ಣ ಮುಖಕ್ಕೆಲ್ಲ ಬೂದಿ ಮಾಡಿಕೊಂಡು ಮೇಲೆ ಬರುವ ಹೊತ್ತಿಗೆ ಜಾತಿ ಬಂದು ಒಣಗಿಯೂ ಆಗಿತ್ತು.

ಹೊನ್ನಮ್ಮ ತನ್ನ ಮನೆಯ ಬಾಗಿಲಿನ ಬಣ್ಣದ ಗಿಳಿಯನ್ನು ನೋಡಿದಳು, ಹಿತ್ತಿಲಲ್ಲಿ ಒರಗಿಸಿದ್ದ ಚಪ್ಪರದ ಗಳುವನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಇರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ನೀವು ಊರಿಗೆಲ್ಲ ಬಿಟ್ಟಿದೀರಿ ಎಂದಳು. ಪಲ್ಯದ ಪದ ಎಂದು ಅವಮಾನ ಮಾಡಿದಿರಲ್ಲ, ಅದೇ ಪಲ್ಯ ತಿಂದು ತಾನೇ ಇಷ್ಟು ವರ್ಷ ಬದುಕಿದ್ದು ಎಂದೂ ಕೇಳಿದಳು. ಕೇದಗೆ ಅಳುತ್ತಿರಲಿಲ್ಲ, ಅದು ಚೆಲುವಯ್ಯನಿಗೆ ಇನ್ನೂ ಕಷ್ಟವಾಯಿತು.

‘ಒಂದು ಪದ ತಾನೇ ಅಪ್ಪಾಜಿ. ಹೋಗಿ ತಿದ್ದಿಬಿಡು’ ಎಂದಳು ಅವಳು.

ಅದೂ ಹೌದೆನ್ನಿಸಿತು. ಒಂದೇ ಪದ. ಬರೆದವನೂ ತಾನೇ. ಆಡಿದ ಮಾತು ಒಡೆದ ಮುತ್ತು ಅಂತಾರೆ, ಆದರೆ ಬರೆದದ್ದನ್ನು ಹೊಡೆದುಹಾಕಬಹುದಲ್ಲ. ಚೆಲುವಯ್ಯ ಆ ರಾತ್ರಿ ಊಟ ಮಾಡಲಿಲ್ಲ. ಬೆಳಗಾದ ಮೇಲೆ ಹೊದಿಸಿದ ಶಾಲನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಹೊಗಳಿಕೆಯನ್ನೆಲ್ಲ ಹಿಂದಕ್ಕೆ ಕೊಟ್ಟೇ ಬರುತ್ತೇನೆಂದು ಹೊರಟ. ಅವನ ಜೀವಮಾನದಲ್ಲಿ ಅಷ್ಟು ಧೈರ್ಯ ಅವನಿಗೆ ಹಿಂದೆ ಬಂದಿರಲಿಲ್ಲ, ಹಿಂದೆ ಬೇಕಾಗಿಯೂ ಇರಲಿಲ್ಲ.

ಆಸ್ಥಾನದಲ್ಲಿ ಆಗ ಜೇನುಸುಂಕದ ಚರ್ಚೆ ನಡೆದಿತ್ತು. ಮನೆಗೊಂದು ಬಟ್ಟಲು ಜೇನು ಅರಮನೆಗೆ ಸಲ್ಲಬೇಕು ಎನ್ನುವ ಪ್ರಸ್ತಾವ. ಚೆಲುವಯ್ಯ ನಡುವೆಯೇ ಹೋಗಿ ಸಿಂಹಾಸನದ ಮುಂದೆ ಅಡ್ಡಬಿದ್ದ. ತಾನು ತಪ್ಪು ಮಾಡಿದೆನೆಂದ. ದ್ವೀಪದ ಅರಸ ಬರೆದದ್ದು ಹಕ್ಕಿಗಳ ಮೇವಿನ ವಿಚಾರ, ಮೇಲು ಕೀಳಿನ ವಿಚಾರವಲ್ಲ. ದೊಡ್ಡದು ಎಂದು ತಾನು ಹೇಳಿದ್ದು ಬೆರಳಳತೆ. ಎಲ್ಲಕ್ಕೂ ಮಿಗಿಲಾಗಿ ಆ ಓಲೆಯಲ್ಲಿ ಜಾತಿ ಎಂಬ ಮಾತೇ ಇರಲಿಲ್ಲ.

‘ಮತ್ತೇನಿತ್ತು?’ ಎಂದನು ಮಹಾರಾಜ.

‘ಬಗೆ, ಮಹಾಪ್ರಭು. ಬರೀ ಬಗೆ.’

ಸಭೆಯಲ್ಲಿದ್ದ ಪ್ರತಿಯೊಬ್ಬನೂ ತನ್ನ ನಾಲಿಗೆಯ ಕುಂಚ ಉದುರಿಬೀಳುವುದನ್ನು ಅನುಭವಿಸುತ್ತಿದ್ದ. ಬಾಗಿಲ ಚಿತ್ರ ಹೋಗುತ್ತದೆ, ಬಾವಿಯ ಮೊದಲ ಸರದಿ ಹೋಗುತ್ತದೆ, ಸಂಪುಟ ದರ್ಜೆ ಹೋಗುತ್ತದೆ, ಕೆಂಪು ದೀಪ ಆರುತ್ತದೆ. ಮಹಾರಾಜನು ಸಮಯಗುಪ್ತನ ಕಡೆ ನೋಡಿ, ಹಾಗಾದರೆ ನಮ್ಮ ರಾಜ್ಯದಲ್ಲಿ ತಪ್ಪಾಗಿದೆಯೇ ಎಂದು ಸ್ವಲ್ಪ ಭಯದಿಂದಲೇ ಕೇಳಿದನು.

ಸಮಯಗುಪ್ತನು ನಕ್ಕನು.

‘ಪ್ರಭುಗಳ ರಾಜ್ಯದಲ್ಲಿ ತಪ್ಪು ಆಗುವುದಿಲ್ಲ. ಬಿಟ್ಟುಹೋಗಿರಬಹುದು. ನಾವು ಮೂರೇ ಜಾತಿ ಎಂದುಕೊಂಡಿದ್ದೆವು. ನಾಲ್ಕನೆಯದೊಂದಿದೆ ಎಂದು ಈಗ ತಿಳಿಯಿತು. ಅದರ ಹೆಸರು ಬಗೆ. ದುಭಾಷಿಗಳು ತಮ್ಮ ಬಾಯಿಂದಲೇ ಒಪ್ಪಿಕೊಂಡಿದ್ದಾರೆ.’

‘ತಥಾಸ್ತು’ ಎಂದನು ಮಹಾರಾಜ. ದೊಡ್ಡ ಭಾರ ಇಳಿದಂತಾಗಿ ಒಂದು ಪೇಡಾ ತಿಂದನು.

ಪ್ರಾಧಿಕಾರ ತುರ್ತುಸಭೆ ಸೇರಿ ನಿರ್ಣಯ ಕೈಗೊಂಡಿತು. ಬಗೆಗೆ ಪಕ್ಷಿಯಿಲ್ಲ, ಆದ್ದರಿಂದ ಕೋಲೂ ಇಲ್ಲ, ಆದ್ದರಿಂದ ತಳದ ಕೋಲಿಗಿಂತ ಕೆಳಗೆ. ಸದ್ಯಕ್ಕೆ ಆ ಜಾತಿಯಲ್ಲಿ ಒಂದೇ ಮನೆ. ಶಾಲನ್ನು ಕಿತ್ತುಕೊಳ್ಳುವ ತೊಂದರೆ ಇರಲಿಲ್ಲ, ಚೆಲುವಯ್ಯ ಮಡಿಸಿಯೇ ತಂದಿದ್ದ. ಮದುವೆಮನೆಯ ಅಡುಗೆಯವರು ಇನ್ನು ಮುಂದೆ ಎರಡು ಬಗೆ ಪಲ್ಯ ಎನ್ನಕೂಡದು, ಮೇಲ್ಜಾತಿಯ ಊಟಕ್ಕೆ ಮೈಲಿಗೆ ಎಂದು ಅದೇ ದಿನ ಇನ್ನೊಂದು ಆಜ್ಞೆಯೂ ಹೊರಟಿತು.

ಈಗ ಒಂದು ವಿಚಿತ್ರ ಕೇಳಿ. ಹುದ್ದೆ ಹೋಗಿ, ಮರ್ಯಾದೆ ಹೋಗಿ, ಹೆಬ್ಬಾಗಿಲಿನಿಂದ ಹೊರಗೆ ಬಂದ ಚೆಲುವಯ್ಯನಿಗೆ ದುಃಖವಾಗಲಿಲ್ಲ. ಅರ್ಧ ದಾರಿ ಬರುವಷ್ಟರಲ್ಲಿ ಖುಷಿಯೇ ಆಯಿತು. ಅವನ ಲೆಕ್ಕ ಹೀಗಿತ್ತು: ಅಡ್ಡ ಇದ್ದದ್ದು ತಾನು ಮೇಲಿದ್ದದ್ದು. ಈಗ ಮೇಲಿಲ್ಲವಲ್ಲ. ಕೆಳಕ್ಕೆ ಬಿದ್ದವನಿಗೆ ನೆಲವಾದರೂ ಸಿಗುತ್ತದೆ, ಪ್ರಾಧಿಕಾರಕ್ಕೆ ತಳದವರ ಮದುವೆಯನ್ನು ತಡೆಯಲು ಪುರುಸೊತ್ತೆಲ್ಲಿ? ಒಂದು ಅರ್ಜಿ ಕೊಟ್ಟು ಬಗೆಯನ್ನೂ ತೂಗುಗಿಳಿಯನ್ನೂ ಒಟ್ಟಿಗೆ ಸೇರಿಸಿಬಿಡಿ ಎಂದರೆ ತಥಾಸ್ತು ಅನ್ನುತ್ತಾರೆ. ಮನೆಗೆ ಹೋಗಿ ಹೆಂಡತಿಗೆ ಹೇಳಲೂ ಇಲ್ಲ. ನೆಟ್ಟಗೆ ಮಂಡಕ್ಕಿ ಭಟ್ಟಿಗೆ ನಡೆದ. ಸಾತವ್ವ ಎಂಥವಳೆಂದು ಗೊತ್ತಿತ್ತು, ಅವಳಿಗೆ ಈ ಹುಚ್ಚಾಟವೆಲ್ಲ ಹಿಡಿಸುವುದಿಲ್ಲ.

ಭಟ್ಟಿಯ ಮುಂದೆ ಆ ದಿನ ಗದ್ದಲ. ತೂಗುಗಿಳಿಯವರೆಲ್ಲ ಸೇರಿದ್ದರು, ತೋರಣ ಕಟ್ಟುತ್ತಿದ್ದರು. ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ತಮಗಿಂತ ಕೆಳಗೆ ಒಂದು ಜಾತಿ ಹುಟ್ಟಿದೆ ಎಂದು ಸರ್ಕಾರಕ್ಕೆ ಅಭಿನಂದನಾ ಸಭೆ. ಚೆಲುವಯ್ಯ ಬಂದದ್ದನ್ನು ಕಂಡು ಜನ ಪಕ್ಕಕ್ಕೆ ಸರಿದರು. ಗೌರವಕ್ಕೆ ಸರಿದರೆಂದು ಮೊದಲು ಅವನು ತಿಳಿದ. ಮೆಟ್ಟಿಲು ಹತ್ತಲು ಕಾಲೆತ್ತಿದಾಗ ಸಾತವ್ವ ಒಳಗಿನಿಂದಲೇ, ಅಲ್ಲೇ ಇರು ಅಣ್ಣಾ, ನಾನೇ ಬಂದೆ ಎಂದಳು.

ಬಂದು ಮೇಲಿನ ಮೆಟ್ಟಿಲ ಮೇಲೆ ನಿಂತಳು. ಅವನು ಅರ್ಜಿಯ ಯೋಚನೆಯನ್ನೆಲ್ಲ ಹೇಳಿದ. ಅವಳು ಪೂರ್ತಿ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. ಸಾತವ್ವ ಹಾಗೆ ಸುಮ್ಮನಿದ್ದದ್ದನ್ನು ಚೆಲುವಯ್ಯ ನೋಡಿದ್ದು ಅದೇ ಮೊದಲು.

‘ನಂಗೇನೂ ಇಲ್ಲ ಕಣಣ್ಣ, ದೇವರಾಣೆ’ ಎಂದಳು ಕೊನೆಗೆ. ‘ನಿನ್ನ ಮಗಳು ಬಂಗಾರ. ಆದ್ರೆ ನಾಕು ಜನ ಏನಂತಾರೆ? ನಮ್ದು ಏನೇ ಅಂದ್ರೂ ಎರಡು ಕಾಲಲ್ಲಿ ತೂಗೋ ಜಾತಿ. ನಿಮ್ಮದು ಬರೀ ಬಗೆ.’

ಚೆಲುವಯ್ಯ ಏನೋ ಹೇಳಲು ಹೋದ. ಆ ಪದ ತನ್ನದೇ, ತಾನೇ ಬರೆದು ತಾನೇ ಹೊಡೆದದ್ದು, ಅದಕ್ಕೆ ಅಂಥ ಅರ್ಥವಿಲ್ಲ ಎಂದು ಹೇಳಬೇಕಾಗಿತ್ತು. ಆದರೆ ಭಾಷೆಯ ವಿಷಯ ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಒಳಗೆ ಗುಂಡಿಯಲ್ಲಿ ಬೂದಿ ಕೆರೆಯುವ ಸದ್ದು ಕೇಳುತ್ತಿತ್ತು. ಸದ್ದು ಒಂದು ಸಲ ನಿಂತಿತು. ಮತ್ತೆ ಶುರುವಾಯಿತು. ಬೊಮ್ಮಣ್ಣ ಹೊರಗೆ ಬರಲಿಲ್ಲ.

ಬರಿಗೈಲಿ ಕಳಿಸಬಾರದೆಂದು ಸಾತವ್ವ ಒಂದು ಮೊರ ಮಂಡಕ್ಕಿ ತಂದಳು. ಅವನು ಹೆಗಲ ವಸ್ತ್ರ ಒಡ್ಡಿದ. ಅವಳು ಮೊರವನ್ನು ಎದೆಮಟ್ಟಕ್ಕೆ ಎತ್ತಿ ಮೇಲಿನಿಂದ ಸುರಿದಳು, ತಾಗದ ಹಾಗೆ. ಮಂಡಕ್ಕಿ ಹಗುರ, ಅರ್ಧಕ್ಕರ್ಧ ಗಾಳಿಗೆ ಹಾರಿಹೋಯಿತು. ಅವಳ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಬಾರದು. ನೀರಿದ್ದೂ ಹಾಗೆ ಸುರಿದಳು.

ಮಾಘಮಾಸದಲ್ಲಿ ಸೀಬಾವತಿಯಲ್ಲಿ ಮಹಾ ಸಂಭ್ರಮವಾಯಿತು. ಮನೆಬಾಗಿಲಿಗೆ ಜಾತಿ ಯೋಜನೆ ನೂರಕ್ಕೆ ನೂರು ಗುರಿ ತಲುಪಿದ್ದಕ್ಕೆ ವಿಜಯೋತ್ಸವ. ಅರಮನೆಯ ಅಂಗಳದಲ್ಲಿ ಪಂಜರವನ್ನಿಟ್ಟು, ಮಹಾರಾಜನು ಸ್ವಹಸ್ತದಿಂದ ಹಿರಿಯ ಜೇನ್ನೆಕ್ಕುಗನ ತಲೆಗೆ ಬಂಗಾರದ ಪುಟ್ಟ ಕಿರೀಟವನ್ನು ತೊಡಿಸಿದನು. ಭಾರಕ್ಕೆ ಅದರ ಕತ್ತು ಬಗ್ಗಿತು; ವಿನಯ ಎಂದು ಸಮಯಗುಪ್ತನು ವ್ಯಾಖ್ಯಾನಿಸಿದನು. ಪಂಜರ ಇನ್ನೂ ಒಂದೇ ಇತ್ತು, ಟೆಂಡರ್ ಮರುಪರಿಶೀಲನೆಯಲ್ಲಿತ್ತು. ಬಳೆಗಣ್ಣಗಳು ಜಾಗ ಸಾಲದೆ ಜೇನ್ನೆಕ್ಕುಗಗಳ ಮೈಗೆ ಮೈ ತಾಗಿಸಿಕೊಂಡು ಅದೇ ಕೋಲಿನಲ್ಲಿ ಕೂತಿದ್ದವು. ತೂಗುಗಿಳಿಗಳು ಹಾಡಹಗಲಲ್ಲೇ ತಲೆಕೆಳಗಾಗಿ ತೂಗುತ್ತಿದ್ದವು. ಗಾಢನಿದ್ರೆ ಎಂದರು. ಜೋಳ ತಿನ್ನಲಾಗದೆ ಅವು ಸತ್ತು ಕೆಲವು ದಿನವಾಗಿತ್ತು.

ಹೊರಗೆ ಜನ ಬಟ್ಟಲಲ್ಲಿ ಜೇನು ಹಿಡಿದುಕೊಂಡು ಸುಂಕ ಕಟ್ಟಲು ಸರದಿಯಲ್ಲಿ ನಿಂತಿದ್ದರು. ಮೂರು ಸರದಿ. ಕಾಡಿನ ಜೇನುಗೂಡುಗಳೆಲ್ಲ ಬರಿದಾಗಿ, ಕೆಮ್ಮುವ ಮಗುವಿನ ನಾಲಿಗೆಗೆ ಹಚ್ಚಲೂ ಊರಲ್ಲಿ ಒಂದು ಹನಿ ಇರಲಿಲ್ಲ. ಆದರೂ ತಮ್ಮ ಸರದಿಯಲ್ಲಿ ಬೇರೆಯವರು ನುಗ್ಗುತ್ತಾರೇನೋ ಎಂಬುದೊಂದೇ ಅವರ ಚಿಂತೆ.

ಅದೇ ಬೆಳಿಗ್ಗೆ ಕೇದಗೆ ಕೊಡ ತೆಗೆದುಕೊಂಡು ಊರಬಾವಿಗೆ ಹೋದಳು. ಮೂರೂ ಸರದಿ ಮುಗಿಯುವ ತನಕ ದೂರದಲ್ಲಿ ನಿಂತಿದ್ದಳು. ಎಲ್ಲರಿಗಿಂತ ಕೊನೆಗೆ ಸೇದುತ್ತಿದ್ದವನು ಬೊಮ್ಮಣ್ಣ. ಅವಳನ್ನು ಅವನು ನೋಡಿದ. ಕೊಡ ತುಂಬಿ ಮೇಲೆಳೆದ, ಕಟ್ಟೆಯ ಮೇಲಿಟ್ಟ, ಸ್ವಲ್ಪ ಹೊತ್ತು ಹಗ್ಗ ಹಿಡಿದುಕೊಂಡೇ ನಿಂತ. ಸುತ್ತ ಕೆಲವರು ನೋಡುತ್ತಿದ್ದರು. ಆಮೇಲೆ ಅವನು ಮೊದಲೆಲ್ಲ ಎಲ್ಲರಿಗೂ ರಾಟೆಯ ಮೇಲೇ ಬಿಟ್ಟಿರುತ್ತಿದ್ದ ಹಗ್ಗವನ್ನು ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡು, ಕೊಡ ಎತ್ತಿಕೊಂಡು ಮನೆಗೆ ಹೋದ.

ಕೇದಗೆ ಕಟ್ಟೆಯ ಹತ್ತಿರ ಬಂದು ಬಗ್ಗಿ ನೋಡಿದಳು. ಬಾವಿಯಲ್ಲಿ ನೀರು ಬೇಕಾದಷ್ಟಿತ್ತು. ಮನೆಯಿಂದ ಹಗ್ಗ ತರಬೇಕೆಂಬುದು ಅವಳಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ.